ಬಣ್ಣವಿಲ್ಲದ ಬಿಳುಪು

ಬಚ್ಚಲುಮನೆಯ ಗೋಡೆಯ ಬಿಳಿ ಟೈಲ್ಸ್ ಒಡೆದಾಗ ಅದರ ಅಂಚನ್ನು ಗಮನಿಸಿದ್ದೀರಾ? ಹಲವು ಟೈಲ್ಸ್‌ಗಳಲ್ಲಿ ಒಳಗಿರುವುದು ಕೆಂಪಗೆ ಸುಟ್ಟ ಮಣ್ಣು. ಮೇಲೆ ಮಾತ್ರ ತೆಳುವಾದ, ಹೊಳೆಯುವ ಬಿಳಿ ಪದರ. ಅದೇ ಗ್ಲೇಜ್. ಬಳಿದ ಬಣ್ಣವಲ್ಲ ಅದು, ಗಾಜು! ಗಾಜು ಪಾರದರ್ಶಕ ತಾನೆ? ಹಾಗಾದರೆ ಒಳಗಿನ ಕೆಂಪು ಮಣ್ಣು ಏಕೆ ಕಾಣುವುದಿಲ್ಲ?

ಗ್ಲೇಜಿನ ಮುಖ್ಯ ದ್ರವ್ಯ ಸಿಲಿಕಾ. ಅದೊಂದೇ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕುಂಬಾರನ ಆವಿಗೆ ಅಷ್ಟು ಕಾಯುವುದಿಲ್ಲ. ಸೋಡ, ಪೊಟ್ಯಾಷ್, ಸೀಸದ ಆಕ್ಸೈಡ್ ಮುಂತಾದವನ್ನು ಬೆರೆಸಿದರೆ 1,000 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ಹರಡುತ್ತದೆ. ಕರಗಿದ್ದು ಜಾರಿ ಇಳಿಯದಂತೆ ಅಲ್ಯುಮಿನಾ ತಡೆಯುತ್ತದೆ. ಇಷ್ಟರಿಂದ ದೊರೆಯುವುದು ತಿಳಿಗಾಜು ಮಾತ್ರ.

ಬಿಳುಪು ಬರಬೇಕಾದರೆ ಆ ಗಾಜಿನೊಳಗೆ ಬೇರೊಂದು ವಸ್ತುವಿನ ಅತಿಸೂಕ್ಷ್ಮ ಹರಳುಗಳು ಹರಡಿರಬೇಕು. ಗಾಜಿನ ವಕ್ರೀಭವನಾಂಕ ಸುಮಾರು 1.5, ತವರದ ಆಕ್ಸೈಡಿನದು ಸುಮಾರು 2. ಒಂದರಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಬೆಳಕು ಬಾಗುತ್ತದೆ, ಒಂದಿಷ್ಟು ಹಿಂದಕ್ಕೆ ಪುಟಿಯುತ್ತದೆ. ಹೀಗೆ ಅಸಂಖ್ಯ ಹರಳುಗಳ ನಡುವೆ ಚದುರಿದ ಬೆಳಕಿನ ಬಹುಪಾಲು ಮಣ್ಣನ್ನು ಮುಟ್ಟುವ ಮೊದಲೇ ನಮ್ಮ ಕಣ್ಣಿಗೆ ಮರಳುತ್ತದೆ. ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿ ಮರಳುವುದರಿಂದ ಕಾಣುವುದು ಬಿಳುಪು. ತಿಳಿಯಾದ ಕಲ್ಲುಸಕ್ಕರೆಯನ್ನು ಕುಟ್ಟಿ ನೋಡಿ, ಬೆಳ್ಳನೆಯ ಪುಡಿಯಾಗುತ್ತದೆ. ಅಲ್ಲಿ ಗಾಜಿನ ಜಾಗದಲ್ಲಿ ಗಾಳಿ ಇದೆ, ಅಷ್ಟೇ. ಹರಳಿನ ಗಾತ್ರ ಬೆಳಕಿನ ಅಲೆಯುದ್ದದ ಅರ್ಧದಷ್ಟಿದ್ದರೆ ಬಿಳುಪು ಚೆನ್ನ. ಶಾಖ ಮಿತಿಮೀರಿ ಹರಳು ಗಾಜಿನಲ್ಲಿ ಕರಗಿಹೋದರೆ ಬಿಳುಪೂ ಮಾಯ.

ಈ ಗುಟ್ಟನ್ನು ಒಂಬತ್ತನೆಯ ಶತಮಾನದಲ್ಲೇ ಬಳಸಿದವರು ಇರಾಕಿನ ಬಸ್ರಾದ ಕುಂಬಾರರು. ಚೀನಾದಿಂದ ಹಡಗಿನಲ್ಲಿ ಬರುತ್ತಿದ್ದ ಬಿಳಿ ಪಾತ್ರೆಗಳಿಗೆ ಅಲ್ಲಿ ಭಾರಿ ಬೇಡಿಕೆ. ಆದರೆ ಚೀನೀಯರ ಬಿಳಿ ಜೇಡಿಮಣ್ಣು ಇವರಲ್ಲಿರಲಿಲ್ಲ. ತಮ್ಮ ಹಳದಿ ಮಣ್ಣಿಗೆ ತವರದ ಗ್ಲೇಜ್ ತೊಡಿಸಿದರು, ಅದರ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಚಿತ್ತಾರ ಬರೆದರು. ಬರೀ ನಕಲೆಂದು ಮೂಗು ಮುರಿಯುವಂತಿಲ್ಲ! ಈ ವಿದ್ಯೆ ಸ್ಪೇನ್, ಇಟಲಿಗಳನ್ನು ಹಾದು 17ನೆಯ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣಕ್ಕೆ ಹೆಸರು ತಂದಿತು.

ಸೀಸ, ತವರ ಎರಡನ್ನೂ ಒಟ್ಟಿಗೆ ಕುಲುಮೆಯಲ್ಲಿ ಸುಟ್ಟು ಪುಡಿ ಮಾಡಿಕೊಳ್ಳುವ ಕ್ರಮವನ್ನು ಇರಾನಿನ ಕಾಶಾನ್ ಊರಿನ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲೇ ಬರೆದಿಟ್ಟಿದ್ದಾನೆ. ಸೀಸ ಗಾಜಿನಲ್ಲಿ ಕರಗುತ್ತಿತ್ತು, ತವರ ನುಣ್ಣನೆಯ ಹರಳಾಗಿ ಉಳಿಯುತ್ತಿತ್ತು. ಹೊಳಪೂ ಸೊಗಸು. ಆದರೆ ಸೀಸ ವಿಷ. ಅದರ ಧೂಳು ಕುಂಬಾರರ ಮೈ ಸೇರುತ್ತಿತ್ತು.

ತವರ ದುಬಾರಿ. ಇಪ್ಪತ್ತನೆಯ ಶತಮಾನದಲ್ಲಿ ಅದರ ಜಾಗಕ್ಕೆ ಬಂದದ್ದು ಜಿರ್ಕಾನ್. ಕೇರಳದ ಚವರ ಕಡಲತೀರದ ಮರಳಿನಲ್ಲೂ ಈ ಖನಿಜವಿದೆ. ತವರಕ್ಕಿಂತ ಹೆಚ್ಚು ಹಾಕಬೇಕು, ಆದರೂ ಅಗ್ಗ. ಸೀಸದ ಕೆಲಸವನ್ನು ಬಹುಮಟ್ಟಿಗೆ ಬೋರಾನ್ ಸಂಯುಕ್ತಗಳು ವಹಿಸಿಕೊಂಡವು.

ಹಾಗೆಂದು ಸೀಸ ಪೂರ್ತಿ ತೊಲಗಿಲ್ಲ. ಹಳೆಯ ಅಥವಾ ಸರಿಯಾಗಿ ಸುಡದ ಬಣ್ಣಬಣ್ಣದ ಪಾತ್ರೆಗಳಲ್ಲಿ ಅದು ಇರಬಹುದು. ನಿಂಬೆ ಉಪ್ಪಿನಕಾಯಿ, ಹುಣಸೆ ಗೊಜ್ಜಿನಂಥ ಹುಳಿ ಪದಾರ್ಥ ಇಟ್ಟರೆ ಸೀಸ ಅದರೊಳಕ್ಕೆ ಇಳಿಯುತ್ತದೆ. ಇದರಿಂದ ಹೆಚ್ಚು ತೊಂದರೆ ಬೆಳೆಯುವ ಮಕ್ಕಳ ಮಿದುಳಿಗೆ. ಹಾನಿಯಿಲ್ಲದ ಪ್ರಮಾಣವೆಂಬುದು ಸೀಸಕ್ಕೆ ತಿಳಿದುಬಂದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬರಿಗಣ್ಣಿಗೆ ಇದು ಗೊತ್ತಾಗುವುದಿಲ್ಲ. ಪ್ರಯೋಗಾಲಯದಲ್ಲಿ ಪಾತ್ರೆಗೆ ಶೇಕಡ 4ರ ಅಸಿಟಿಕ್ ಆಮ್ಲ ತುಂಬಿ, 24 ಗಂಟೆ ಬಿಟ್ಟು, ಇಳಿದ ಸೀಸವನ್ನು ಅಳೆಯುತ್ತಾರೆ. ಅಂಥ ಪರೀಕ್ಷೆ ಕಾಣದ ಚಿತ್ತಾರದ ತಟ್ಟೆ ಷೋಕೇಸಿನಲ್ಲಿದ್ದರೆ ಸಾಕು.