ನೋಡು, ತೂಗು, ಮಾಡು

ನೆರೆಯವರ ಸುದ್ದಿ ಕೇಳಿಕೊಳ್ಳುವದು ಬರಿಯ ಹರಟೆಯೆಂದು ನಾವು ತಿಳಿಯುತ್ತೇವೆ. ಅದರಿಂದಲೇ ಕೆಲಸ ಹುಟ್ಟಿಸಿದವರೂ ಉಂಟು. ಬೆಲ್ಜಿಯಂ ದೇಶದ ಪಾದ್ರಿ ಜೋಸೆಫ್ ಕಾರ್ಡೈನ್ ಎಂಬವರು ದುಡಿಯುವ ತರುಣರನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಕೂಡಿಸಿದರು. 1925ರಲ್ಲಿ ಅದು ತರುಣ ಕ್ರೈಸ್ತ ಕಾರ್ಮಿಕರ ಸಂಘಟನೆಯಾಯಿತು.

ಅವರ ಕ್ರಮವು ಸರಳ. ಮೊದಲು ನೋಡುವದು: ಕೆಲಸದಲ್ಲಿ, ಓಣಿಯಲ್ಲಿ ಕಂಡದ್ದನ್ನು ಒಬ್ಬೊಬ್ಬರಾಗಿ ಹೇಳುವದು. ಆಮೇಲೆ ತೂಗುವದು: ಹೀಗಾದದ್ದು ನ್ಯಾಯವೇ ಎಂದು ಬೈಬಲ್ಲಿನ ಬೆಳಕಿನಲ್ಲಿ ವಿಚಾರಿಸುವದು. ಕೊನೆಗೆ ಮಾಡುವದು: ಕೈಲಾಗುವ ಒಂದು ಕೆಲಸವನ್ನು ಗೊತ್ತುಮಾಡಿಕೊಂಡೇ ಏಳುವದು. 1961ರಲ್ಲಿ ಪೋಪ್ 23ನೆಯ ಜಾನ್ ತಮ್ಮ ಧರ್ಮಪತ್ರದಲ್ಲಿ ಈ ಮೂರು ಮೆಟ್ಟಿಲುಗಳನ್ನು ಎತ್ತಿಹೇಳಿದರು. ಮುಂದೆ ಬ್ರೆಜಿಲ್ಲಿನ ಬಡವರ ಓಣಿಗಳಲ್ಲಿಯೂ ಇಂಥ ಗುಂಪುಗಳು ಸೇರಿ, ನೀರು, ಚರಂಡಿ, ಜಮೀನಿನ ಪ್ರಶ್ನೆಗಳನ್ನು ಕೈಗೆತ್ತಿಕೊಂಡವು.

ನಮ್ಮ ಧರ್ಮ ಯಾವುದೇ ಇರಲಿ, ಊರು ಬಿಟ್ಟು ಬಂದ ನಮಗೆ ಈ ಮಾತು ಹತ್ತಿರದ್ದು. ಪಕ್ಕದ ಖೋಲಿಯವನು ನಾಲ್ಕು ದಿನ ಜ್ವರದಿಂದ ಮಲಗಿದ್ದರೆ ನಮಗೆ ತಿಳಿಯುವದು ಅವನು ಎದ್ದ ಮೇಲೆಯೇ! ವಾಚಕ ಬಂಧುಗಳೇ, ಪತ್ರಿಕೆ ಮಡಿಸಿಟ್ಟ ಮೇಲೆ ಹತ್ತು ನಿಮಿಷ ಕುಳಿತು, ನೆರೆಹೊರೆಯಲ್ಲಿ ಯಾರಿಗೆ ಏನು ಬೇಕಾಗಿದೆಯೆಂದು ಕೇಳಿಕೊಳ್ಳೋಣ. ಒಂದು ಕೆಲಸ ಹಚ್ಚಿಕೊಂಡು ಮನೆಗೆ ಹೋಗೋಣ.