ಎಂದೂ ಕರಗದ ಊರು

ಕೆನಡಾದ ತುತ್ತತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ, ಕಡಿದಾದ ಬೆಟ್ಟಕ್ಕೂ ಹೆಪ್ಪುಗಟ್ಟಿದ ಕಡಲಿಗೂ ನಡುವೆ ಸಿಕ್ಕಷ್ಟು ಜಾಗದಲ್ಲಿ ಒಂದು ಊರಿದೆ. ಭೂಪಟ ಅದನ್ನು ಗ್ರೀಸ್ ಫಿಯರ್ಡ್ ಎನ್ನುತ್ತದೆ. ಅಲ್ಲಿನ ಇನುಯಿಟ್ ಜನ ಕರೆಯುವುದು ಔಯುಯಿತ್ತುಕ್, ಅಂದರೆ ಎಂದೂ ಕರಗದ ಜಾಗ. 2021ರ ಜನಗಣತಿಯಲ್ಲಿ ಸಿಕ್ಕ ತಲೆಗಳು 144. ಯಾವ ರಸ್ತೆಯೂ ಇಲ್ಲಿಗೆ ಬರುವುದಿಲ್ಲ. ಸಾಮಾನು ಹೊತ್ತ ಹಡಗು ಬರುವುದು ಬೇಸಿಗೆಯಲ್ಲಿ, ಕಡಲು ಬಾಯಿ ಬಿಟ್ಟಾಗ ಮಾತ್ರ. ಚಳಿಗಾಲ ಬಂತೆಂದರೆ ಮೂರು ತಿಂಗಳಿಗೂ ಹೆಚ್ಚು ಕಾಲ ಸೂರ್ಯನ ಮುಖವಿಲ್ಲ.

ಈ ಊರು ತಾನಾಗಿ ಹುಟ್ಟಿದ್ದಲ್ಲ. 1953ರಲ್ಲಿ, ಮತ್ತೆ 1955ರಲ್ಲಿ, ಕೆನಡಾ ಸರ್ಕಾರ ತೊಂಬತ್ತರ ಆಸುಪಾಸು ಇನುಯಿಟ್ ಜನರನ್ನು ಹಡಗಿಗೆ ಹತ್ತಿಸಿತು. ಹೆಚ್ಚಿನವರು ಕ್ವಿಬೆಕ್‌ನ ಇನುಕ್‌ಜುವಾಕ್‌ನವರು. ಅಲ್ಲಿ ಬೇಸಿಗೆಗೆ ಕಾಡುಹಣ್ಣು, ಚಳಿಗಾಲದಲ್ಲೂ ದಿನಕ್ಕೊಂದಿಷ್ಟು ಬೆಳಕು. ಅಲ್ಲಿಂದ ಎರಡು ಸಾವಿರ ಕಿಲೋಮೀಟರ್ ಉತ್ತರಕ್ಕೆ. ಬೇಟೆ ಹೇರಳ, ಒಗ್ಗದಿದ್ದರೆ ಎರಡು ವರ್ಷದಲ್ಲಿ ವಾಪಸು ಎಂಬ ಮಾತು ಕೊಟ್ಟಿದ್ದರು. ಹಡಗಿನಲ್ಲಿ ತಿಳಿದದ್ದು, ಎಲ್ಲರನ್ನೂ ಒಂದೇ ಕಡೆ ಇಳಿಸುವುದಿಲ್ಲ ಎಂದು. ಕೆಲವರನ್ನು ಎಲ್ಸ್‌ಮಿಯರ್‌ನಲ್ಲಿ ಬಿಟ್ಟರು, ಉಳಿದವರನ್ನು ಇನ್ನೊಂದು ದ್ವೀಪದ ರೆಸಲ್ಯೂಟ್‌ನಲ್ಲಿ. ರೆಸಲ್ಯೂಟ್‌ಗೆ ಇನುಯಿಟ್ ಭಾಷೆಯಲ್ಲಿರುವ ಹೆಸರು ಕೌಸುಯಿತ್ತುಕ್, ಬೆಳಗಾಗದ ಜಾಗ. ಅವರು ಆ ನೆಲವನ್ನು ಹೇಗೆ ಕಂಡರೆಂದು ಇದಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ನನಗೆ ಗೊತ್ತಿಲ್ಲ.

1955ರಲ್ಲಿ ಹೋದವರಲ್ಲಿ ಜೋಸೆಫಿ ಫ್ಲಾಹರ್ಟಿ ಒಬ್ಬರು. ಇನುಯಿಟ್ ಬದುಕನ್ನು ಜಗತ್ತಿಗೆಲ್ಲ ತೋರಿಸಿದ 1922ರ 'ನಾನೂಕ್ ಆಫ್ ದಿ ನಾರ್ತ್' ಚಿತ್ರದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ಮಗ. ಇನುಯಿಟ್ ತಾಯಿಯ ಮಡಿಲಲ್ಲಿ ಬೆಳೆದ ಈ ಮಗನನ್ನು ತಂದೆ ಎಂದೂ ನೋಡಲು ಬರಲಿಲ್ಲ. ಚಿತ್ರ ಲೋಕ ಸುತ್ತಿತು. ಮಗ ಕತ್ತಲಿನ ನಾಡಿಗೆ ಹೋದ.

ನಿರ್ಜನ ದ್ವೀಪಗಳ ಮೇಲೆ ದೇಶದ ಹಕ್ಕು ಊರಲು ತಮ್ಮನ್ನು ಜೀವಂತ ಬಾವುಟ ಕಂಬಗಳಾಗಿ ನೆಟ್ಟರು ಎನ್ನುತ್ತಾರೆ ಅಲ್ಲಿನವರು. ಸರ್ಕಾರ ಕ್ಷಮೆ ಕೇಳಿದ್ದು 2010ರ ಆಗಸ್ಟ್‌ನಲ್ಲಿ, 57 ವರ್ಷಗಳ ನಂತರ.

ಅದೇ ಎಲ್ಸ್‌ಮಿಯರ್ ದ್ವೀಪದ ಉತ್ತರ ತುದಿಯಲ್ಲಿ ಕುತ್ತಿನಿರ್‌ಪಾಕ್ ರಾಷ್ಟ್ರೀಯ ಉದ್ಯಾನ. 37,775 ಚದರ ಕಿಲೋಮೀಟರ್. ವರ್ಷಕ್ಕೆ ಬರುವ ಪ್ರವಾಸಿಗರು ಕೆಲವೇ ಡಜನ್. ರೆಸಲ್ಯೂಟ್‌ನಿಂದ ಪುಟ್ಟ ಬಾಡಿಗೆ ವಿಮಾನ ಹಿಡಿಯಬೇಕು. ಹಿಮದ ಮರುಭೂಮಿಯಿದು, ಮಳೆ ಹಿಮ ಎರಡೂ ಅತ್ಯಲ್ಪ. ಆದರೂ ಹೇಜನ್ ಸರೋವರದ ದಂಡೆ ಬೇಸಿಗೆಯಲ್ಲಿ ಹಸಿರಾಗುತ್ತದೆ. ಸುತ್ತಲಿನ ಬೆಟ್ಟಗಳು ಗಾಳಿ ತಡೆದು, ಮುಳುಗದ ಸೂರ್ಯನ ಶಾಖವನ್ನು ಹಿಡಿದಿಡುತ್ತವೆ. ವಿಲೋ ಮರ ಅಲ್ಲಿ ಪಾದದ ಎತ್ತರಕ್ಕೂ ಏಳದೆ ನೆಲಕ್ಕೆ ಹರಡಿಕೊಳ್ಳುತ್ತದೆ. ಉದ್ದ ಕೂದಲಿನ ಕಸ್ತೂರಿ ಎತ್ತುಗಳು ಅದನ್ನು ಮೇಯುತ್ತವೆ. ಬಿಳಿ ಮೊಲಗಳು ಹಿಂಡುಹಿಂಡಾಗಿ ಕೂಡಿ ಹಿಂಗಾಲ ಮೇಲೆ ನಿಲ್ಲುತ್ತವೆ.

ಇಂಥ ಜಾಗವನ್ನು ಮನುಷ್ಯ ಮುಟ್ಟದ ನೆಲ ಎಂದು ಬಣ್ಣಿಸುವುದು ರೂಢಿ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಕಸ್ತೂರಿ ಎತ್ತುಗಳ ಜಾಡು ಹಿಡಿದು ಬಂದವರ ಒಲೆಯ ಕಲ್ಲುಗಳು ಇವೇ ಕಣಿವೆಗಳಲ್ಲಿವೆ. 1988ರಲ್ಲಿ ಕಾಯ್ದಿಟ್ಟ ಈ ಉದ್ಯಾನದ ಹೆಸರು ಮೊದಲು ಬರೀ ಎಲ್ಸ್‌ಮಿಯರ್ ದ್ವೀಪ ಎಂದಿತ್ತು. 1999ರಲ್ಲಿ ಈ ದ್ವೀಪವೂ ಸೇರಿದ ನೂನಾವುಟ್ ಎಂಬ ಆಡಳಿತ ಪ್ರದೇಶ ಹುಟ್ಟಿತು. ಅದೇ ವರ್ಷದ ಒಪ್ಪಂದದಿಂದ ಉದ್ಯಾನದ ಆಡಳಿತದಲ್ಲಿ ಇನುಯಿಟ್ ಜನರಿಗೆ ಪಾಲು ಸಿಕ್ಕಿತು. ಬೇಟೆಯ ಹಕ್ಕು ಉಳಿಯಿತು. ಅವರ ಭಾಷೆಯ ಹೆಸರೂ ಬಂತು: ಕುತ್ತಿನಿರ್‌ಪಾಕ್, ಅಂದರೆ ಜಗತ್ತಿನ ನೆತ್ತಿ.

ಈಗ ಎಂದೂ ಕರಗದ ಜಾಗ ಎಂಬ ಹೆಸರಿನ ಅರ್ಥವೇ ಅಲುಗುತ್ತಿದೆ. 2020ರ ಜುಲೈ ಕೊನೆಯಲ್ಲಿ, ದ್ವೀಪದ ಉತ್ತರ ಕರಾವಳಿಯ ಮಿಲ್ನ್ ಹಿಮಚಾಚು, ಕಡಲ ಮೇಲೆ ತೇಲುವ ಹಿಮದ ಹಾಸು, ಎರಡೇ ದಿನಗಳಲ್ಲಿ ಶೇ. 40ರಷ್ಟು ಭಾಗ ಕಳೆದುಕೊಂಡಿತು. ಆಚೆಯ ಕಡಲನ್ನು 2019ರಲ್ಲೇ ಸಂರಕ್ಷಿತ ಎಂದು ಸಾರಿ, ತುವಾಯಿಯುಯಿತ್ತುಕ್ ಎಂದು ಕರೆದಿದ್ದರು. ಅದರ ಅರ್ಥವೂ ಹಿಮ ಎಂದೂ ಕರಗದ ಜಾಗ. ಗಡಿ ಎಳೆದರೆ ಮೀನು ಹಿಡಿಯುವ ಹಡಗು, ಗಣಿ ನಿಲ್ಲಬಹುದು. ಬೆಚ್ಚಗಿನ ಗಾಳಿ ನಿಲ್ಲುವುದಿಲ್ಲ.

ಸರ್ಕಾರ ಕ್ಷಮೆ ಕೇಳಿದ ವರ್ಷವೇ ಎರಡೂ ಊರುಗಳಲ್ಲಿ ಕಲ್ಲಿನ ಸ್ಮಾರಕಗಳು ನಿಂತವು. ಗ್ರೀಸ್ ಫಿಯರ್ಡ್‌ನದನ್ನು ಕೆತ್ತಿದ್ದು ಲೂಟಿ ಪಿಜಾಮಿನಿ: ಒಬ್ಬ ಹೆಂಗಸು, ಒಂದು ಮಗು, ಒಂದು ನಾಯಿ. ರೆಸಲ್ಯೂಟ್‌ನಲ್ಲಿ ಸಿಮಿಯೋನಿ ಅಮಗೋಅಲಿಕ್ ಕೆತ್ತಿದ ಒಂಟಿ ಗಂಡಸು. ನಡುವೆ ಸುಮಾರು 400 ಕಿಲೋಮೀಟರ್ ದೂರ. ಹಡಗು ಬೇರೆ ಮಾಡಿದ ಸಂಸಾರಗಳಂತೆ ಅವರು ಒಬ್ಬರತ್ತ ಒಬ್ಬರು ಮುಖ ಮಾಡಿ ನಿಂತಿದ್ದಾರೆ.