ಕೋಚ್ ಇರ್ತಾರಾ, ಹೋಗ್ತಾರಾ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜು ಫುಟ್‌ಬಾಲ್ ತಂಡದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಸಾಲು ಬಂತು: 'ಪಿ.ಇ. ಸರ್ ಬೇರೆ ಕಾಲೇಜಿಗೆ ಹೋಗ್ತಿದ್ದಾರಂತೆ.' ಟೂರ್ನಿಗೆ ಹತ್ತೇ ದಿನ ಬಾಕಿ. ಸರ್ ಅವರನ್ನು ಕೇಳಲು ಧೈರ್ಯವಿಲ್ಲ. ಆಫೀಸಿನಲ್ಲಿ ಕೇಳಿದರೆ 'ನಿಮಗ್ಯಾಕೆ ಅದೆಲ್ಲ, ಹೋಗಿ ಆಡಿ' ಎಂದರು. ಪ್ರಾಕ್ಟೀಸ್‌ಗೆ ಬರುವವರು ಅರ್ಧಕ್ಕೆ ಇಳಿದರು. ಮೊದಲ ಸುತ್ತಿನಲ್ಲೇ ಸೋತು ಬಂದೆವು. (ಗೋಲ್‌ಕೀಪರ್ ನಾನೇ. ಎರಡು ಗೋಲು ನನ್ನ ತಪ್ಪಿನಿಂದಲೇ ಹೋದವು, ಅದು ಬೇರೆ ಮಾತು.)

ದೊಡ್ಡವರ ಆಟದಲ್ಲೂ ಇದೇ ಕಥೆ. 2017ರಲ್ಲಿ ನಮ್ಮ ಅನಿಲ್ ಕುಂಬ್ಳೆ ಭಾರತ ತಂಡದ ಕೋಚ್. ಚಾಂಪಿಯನ್ಸ್ ಟ್ರೋಫಿಗೆ ಒಂದು ವಾರವಿರುವಾಗ ಬಿಸಿಸಿಐ ಅದೇ ಹುದ್ದೆಗೆ ಅರ್ಜಿ ಕರೆಯಿತು. ಕುಂಬ್ಳೆ–ಕೊಹ್ಲಿ ನಡುವೆ ಸರಿಯಿಲ್ಲ ಎಂಬ ಸುದ್ದಿ ದಿನವೂ ಬರುತ್ತಿತ್ತು. ಸಮಸ್ಯೆಯೇ ಇಲ್ಲ ಎಂದು ಕೊಹ್ಲಿ ಹೇಳಿದರು. ಜೂನ್ 18ರ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು 180 ರನ್‌ಗಳ ಸೋಲು. 20ರಂದು ಕುಂಬ್ಳೆ ರಾಜೀನಾಮೆ. ನಾಯಕನಿಗೆ ತಮ್ಮ ಶೈಲಿಯ ಬಗ್ಗೆ ಆಕ್ಷೇಪ ಇದೆಯೆಂದು ಮಂಡಳಿ ತಮಗೆ ಮೊದಲ ಬಾರಿ ತಿಳಿಸಿದ್ದೇ ಹಿಂದಿನ ದಿನ ಎಂದು ಅವರು ಬರೆದುಕೊಂಡರು. ಊರಿಗೆಲ್ಲ ಗೊತ್ತಿದ್ದದ್ದನ್ನು ಅವರಿಗೆ ಹೇಳುವವರೇ ಇರಲಿಲ್ಲ! ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಲಿವರ್‌ಪೂಲ್ ಕ್ಲಬ್ ಬೇರೆ ದಾರಿ ಹಿಡಿಯಿತು. ಕೋಚ್ ಯೂರ್ಗನ್ ಕ್ಲಾಪ್ ತಾವು ಹೊರಡುವುದನ್ನು 2023ರ ನವೆಂಬರ್‌ನಲ್ಲೇ ಕ್ಲಬ್‌ಗೆ ತಿಳಿಸಿದ್ದರು. 2024ರ ಜನವರಿ 26ರಂದು ಕ್ಲಬ್ಬೇ ಅವರ ವಿಡಿಯೊ ಹಾಕಿ ಜಗತ್ತಿಗೆ ಹೇಳಿತು. ಊಹೆಗೆ ಜಾಗವೇ ಉಳಿಯಲಿಲ್ಲ. ಮರು ತಿಂಗಳು ತಂಡ ಲೀಗ್ ಕಪ್ ಗೆದ್ದಿತು. ಏಪ್ರಿಲ್‌ನಲ್ಲಿ ಎಡವಿ, ಪ್ರೀಮಿಯರ್ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ನಿಂತಿತು ನಿಜ. ನಿಜ ಹೇಳಿಬಿಟ್ಟರೆ ಗೆದ್ದೇ ಗೆಲ್ಲುತ್ತಾರೆ ಅಂತೇನಿಲ್ಲ. ಆದರೆ ಆಟಗಾರರು ಪೇಪರ್ ನೋಡಿ ತಮ್ಮ ಕೋಚ್ ಸುದ್ದಿ ತಿಳಿಯಬೇಕಾಗಲಿಲ್ಲ.

ಹಾಗಂತ ಪ್ರತಿ ಗಾಳಿಸುದ್ದಿಗೂ ಕ್ಲಬ್ ಉತ್ತರ ಕೊಡುತ್ತಾ ಕೂರಲಾಗದು. ಹತ್ತು ಸಲ 'ಸುಳ್ಳು' ಎಂದವರು ಹನ್ನೊಂದನೇ ಸಲ ಸುಮ್ಮನಿದ್ದರೆ ಅದನ್ನೇ 'ಹೌದು' ಎಂದುಕೊಳ್ಳುತ್ತಾರೆ. ಒಪ್ಪಂದ ಯಾವಾಗಿನವರೆಗೆ, ಮಾತುಕತೆ ಯಾವಾಗ ಎಂದು ಒಂದೇ ಸಲ ಹೇಳಿ, ಅದಕ್ಕೆ ಅಂಟಿಕೊಂಡರೆ ಸಾಕು. ಅದಕ್ಕೂ ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ ಹೇಳಬೇಕು. 'ಕೋಚ್ ಮೇಲೆ ಪೂರ್ತಿ ವಿಶ್ವಾಸವಿದೆ' ಎಂದು ಹೇಳಿ ವಾರದಲ್ಲೇ ಮನೆಗೆ ಕಳಿಸುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ಮೇಲು.

ಅಂದಹಾಗೆ, ನಮ್ಮ ಸರ್ ಎಲ್ಲಿಗೂ ಹೋಗಲಿಲ್ಲ. ಮೊನ್ನೆ ಈ ವಿಷಯ ಹೇಳಿದಾಗ ವಿಸಲ್ ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ನಿಂತರು. 'ನನ್ನನ್ನೇ ಕೇಳಬಾರದಿತ್ತೇನ್ರೋ?' ಎಂದರು.